ಕುಂಡ ಬದಲಾದ ಮೇಲೆ ಉಳಿದ ಗಿಡಗಳು: ವಿಜಯನಗರದ ಒಂದು ತಾರಸಿಯ ಪ್ರಕರಣ

ಬೆಂಗಳೂರಿನ ವಿಜಯನಗರದಲ್ಲಿ 30×40 ಸೈಟಿನ ಒಂದು ಮನೆ. ನೆಲಮಹಡಿಯಲ್ಲಿ ಬಾಡಿಗೆಯವರು, ಮೇಲೆ ಮನೆಯವರು, ಅದರ ಮೇಲೆ ತಾರಸಿ. ತಾರಸಿ ತುಂಬ ಕುಂಡಗಳು. ಮಲ್ಲಿಗೆ, ದಾಸವಾಳ, ಕರಿಬೇವು, ತುಳಸಿ, ಲೋಳೆಸರ, ದೊಡ್ಡಪತ್ರೆ, ಒಂದು ನಿಂಬೆ, ಜೊತೆಗೆ ಸ್ವಲ್ಪ ಸೊಪ್ಪು, ತರಕಾರಿ. ಮನೆಯವರು ನನಗೆ ಪರಿಚಯದವರು. ಅವರ ದೂರು ಇಷ್ಟೇ: ಪ್ರತಿ ಬೇಸಿಗೆಯಲ್ಲಿ ಕೆಲವು ಗಿಡ ಒಣಗುತ್ತವೆ, ಪ್ರತಿ ಮಳೆಗಾಲದಲ್ಲಿ ಇನ್ನು ಕೆಲವು ಕೊಳೆಯುತ್ತವೆ.

ಗೊಬ್ಬರ ಬದಲಿಸಿ ನೋಡಿದ್ದರು. ಬೇವಿನ ಎಣ್ಣೆ ಸಿಂಪಡಿಸಿದ್ದರು. ಮಣ್ಣಿಗೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಸೇರಿಸಿದ್ದರು. ಸತ್ತ ಗಿಡದ ಜಾಗಕ್ಕೆ ನರ್ಸರಿಯಿಂದ ಇನ್ನೊಂದು ತಂದು ಅದೇ ಕುಂಡದಲ್ಲಿ ನೆಟ್ಟಿದ್ದರು. ಅದೂ ಹೋಗಿತ್ತು. ಇಷ್ಟೆಲ್ಲಾ ಆದರೂ ಯಾರಿಗೂ ಕುಂಡದ ಮೇಲೆ ಅನುಮಾನ ಬಂದಿರಲಿಲ್ಲ. ನಮ್ಮಲ್ಲಿ ಗಿಡವನ್ನು ವಿಚಾರಿಸಿ ತರುತ್ತೇವೆ, ಕುಂಡವನ್ನು ಮಾತ್ರ ಚಂದ ನೋಡಿ ತರುತ್ತೇವೆ ಅಲ್ವಾ.

ನಾನು ಹೋದಾಗ ಮೊದಲು ಕೇಳಿದ್ದು ನೀರು ಹಾಕೋರು ಯಾರು ಅಂತ. ಉತ್ತರದಲ್ಲೇ ಅರ್ಧ ಪ್ರಕರಣ ಬಿಚ್ಚಿಕೊಂಡಿತು. ಬೆಳಗ್ಗೆ ಆಫೀಸಿಗೆ ಹೊರಡುವ ಮೊದಲು ಸೊಸೆ ಪೈಪ್ ಹಿಡಿದು ಎಲ್ಲದಕ್ಕೂ ನೀರು ಬಿಡುತ್ತಾರೆ. ಸಂಜೆ ಅಜ್ಜಿ ತಮಗೆ ಹತ್ತಿರ ಇರುವ ಕುಂಡಗಳಿಗೆ ಚೊಂಬಿನಲ್ಲಿ ಮತ್ತೆ ಹಾಕುತ್ತಾರೆ. ಅಜ್ಜಿಗೆ ಮೆಟ್ಟಿಲು ಹತ್ತೋದು ಕಷ್ಟ, ಹತ್ತಿದ ಮೇಲೆ ತಾರಸಿಯ ಆ ಕಡೆ ತುದಿವರೆಗೂ ನಡೆಯೋದು ಇನ್ನೂ ಕಷ್ಟ. ಹಾಗಾಗಿ ಮೆಟ್ಟಿಲ ಬಳಿಯ ಗಿಡಗಳಿಗೆ ದಿನಕ್ಕೆ ಎರಡು ಸಲ ನೀರು, ಪಡುವಣ ದಿಕ್ಕಿನ ಸಾಲಿಗೆ ಒಂದೇ ಸಲ. ಜುಲೈ ಆಗಲಿ, ಏಪ್ರಿಲ್ ಆಗಲಿ, ಇದು ಬದಲಾಗುತ್ತಿರಲಿಲ್ಲ.

ತಾರಸಿಯ ಬಿಸಿಲೂ ಎರಡು ಥರ. ಮೂಡಣ ಕಡೆಗೆ ಪಕ್ಕದ ನಾಲ್ಕು ಮಹಡಿ ಕಟ್ಟಡ, ಅದರ ಜೊತೆ ಇವರದೇ ನೀರಿನ ಟ್ಯಾಂಕಿನ ನೆರಳು. ಮೆಟ್ಟಿಲು ಬಂದು ಸೇರೋದೂ ಆ ಕಡೆಗೇ. ಪಡುವಣ ಪೂರ್ತಿ ಬಯಲು. ಮಧ್ಯಾಹ್ನ ಒಂದರಿಂದ ಸಂಜೆ ಐದೂವರೆವರೆಗೂ ಬಿಸಿಲು ನೇರ ಕುಂಡಕ್ಕೇ ಬೀಳುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ 34 ಡಿಗ್ರಿ ಆಸುಪಾಸು. ಅದು ನೆರಳಿನಲ್ಲಿ ಅಳೆದ ಗಾಳಿಯ ಲೆಕ್ಕ. ಸಿಮೆಂಟ್ ತಾರಸಿಯ ಮೇಲೆ ಕೂತ ಕುಂಡಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ.

ಅಂದರೆ ನೀರು ಜಾಸ್ತಿ ಬೀಳೋದು ನೆರಳಿಗೆ, ಕಡಿಮೆ ಬೀಳೋದು ಬಿಸಿಲಿಗೆ. ಸಾಯುವ ಗಿಡಗಳ ಪಟ್ಟಿಯೂ ಹಾಗೇ ಇತ್ತು. ಬೇಸಿಗೆಯಲ್ಲಿ ಹೋಗುತ್ತಿದ್ದವು ಪಡುವಣ ಸಾಲಿನವು. ಮಳೆಗಾಲದಲ್ಲಿ ಕೊಳೆಯುತ್ತಿದ್ದವು ಮೆಟ್ಟಿಲ ಬಳಿಯವು. ಮನೆಯವರು "ದಾಸವಾಳ ನಮ್ಮ ಕೈಗೆ ಬರಲ್ಲ, ತುಳಸಿ ನಮ್ಮ ಮನೆಗೆ ಆಗಿಬರಲ್ಲ" ಅಂತ ಮಾತಾಡಿಕೊಂಡಿದ್ದರು. ಅಜ್ಜಿ ತುಳಸಿಯ ವಿಷಯಕ್ಕೆ ನಿಜವಾಗಿಯೂ ನೊಂದುಕೊಂಡಿದ್ದರು. ಅದನ್ನು ಕೇಳಿಯೇ ಈ ಕೆಲಸ ಸರಿಯಾಗಿ ಮಾಡಬೇಕು ಅನ್ನಿಸಿತು.

ಆಮೇಲೆ ಕುಂಡಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆವು. ಗಿಡವನ್ನು ಕುಂಡದಿಂದ ಹೊರಗೆ ತೆಗೆಯದೆ ಕುಂಡದ ಬಗ್ಗೆ ಏನೂ ಗೊತ್ತಾಗಲ್ಲ.

ಪಡುವಣ ಸಾಲಿನ ದಾಸವಾಳ ಒಂದು ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿತ್ತು. ಅಂಚು ತಟ್ಟಿ ಮಣ್ಣಿನ ಗಡ್ಡೆಯನ್ನು ಇಡಿಯಾಗಿ ಜಾರಿಸಿ ಹೊರಗೆ ತೆಗೆದೆ. ಮೂಡಣಕ್ಕೆ ಮುಖ ಮಾಡಿದ್ದ ಕಡೆ ಬಿಳಿ ಬೇರುಗಳು, ತುದಿಯಲ್ಲಿ ಕೆನೆಬಣ್ಣ, ಮುಟ್ಟಿದರೆ ಗಟ್ಟಿ. ಗಡ್ಡೆಯನ್ನು ತಿರುಗಿಸಿದರೆ ಪಡುವಣ ಮುಖದಲ್ಲಿ ಒಂದು ಅಂಗೈ ಅಗಲಕ್ಕೆ ಬೇರೆಲ್ಲ ಕಂದು. ಉಗುರಿನಿಂದ ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬರುತ್ತಿತ್ತು. ಒಂದೇ ಗಿಡ, ಒಂದೇ ಮಣ್ಣು, ಒಂದೇ ನೀರು. ಬಿಸಿಲು ಬಡಿದ ಕಡೆ ಬೇರು ಬೆಂದಿತ್ತು. ಕಪ್ಪು ಪ್ಲಾಸ್ಟಿಕ್ ಬಿಸಿಲನ್ನು ಹೀರುತ್ತದೆ, ತೆಳು ಗೋಡೆ ಆ ಬಿಸಿಯನ್ನು ನೇರ ಮಣ್ಣಿಗೆ ದಾಟಿಸುತ್ತದೆ. ಕುಂಡದ ಅಂಚಿನ ಮಣ್ಣು 40 ಡಿಗ್ರಿ ದಾಟಿದ ಮೇಲೆ ಹೆಚ್ಚಿನ ಗಿಡಗಳ ಎಳೆ ಬೇರು ತಾಳುವುದಿಲ್ಲ. ಬೇರು ಹೋದ ಮೇಲೆ ಗಿಡ ಬಾಡುತ್ತದೆ. ಬಾಡಿದ್ದು ಕಂಡು ನಾವು ಇನ್ನಷ್ಟು ನೀರು ಹಾಕುತ್ತೇವೆ. ಸತ್ತ ಬೇರು ಆ ನೀರಿನಲ್ಲಿ ಕೊಳೆಯುತ್ತದೆ. ಕೊನೆಗೆ ನೋಡಿದವರು "ನೀರು ಜಾಸ್ತಿಯಾಗಿ ಹೋಯಿತು" ಅಂತಾರೆ.

ಕರಿಬೇವಿನದು ಬೇರೆ ಕಥೆ. ಎಲೆ ಹಳದಿ, ಹೊಸ ಚಿಗುರಿಲ್ಲ, ಕಬ್ಬಿಣದ ಅಂಶದ ಟಾನಿಕ್ಕನ್ನೂ ಕೊಟ್ಟಿದ್ದರು. ಅದಿದ್ದದ್ದು 10 ಇಂಚಿನ ಕುಂಡದಲ್ಲಿ, ನರ್ಸರಿಯಿಂದ ಬಂದಾಗಿನಿಂದ ಅದರಲ್ಲೇ. ಹೊರಗೆ ತೆಗೆದಾಗ ಮಣ್ಣು ಕಾಣಲೇ ಇಲ್ಲ. ತಳದಲ್ಲಿ ಬೆರಳು ದಪ್ಪದ ಬೇರು ಕುಂಡದ ಆಕಾರಕ್ಕೇ ಸುತ್ತು ಸುತ್ತಾಗಿ ಕೂತಿತ್ತು. ನುಣುಪು ಗೋಡೆಯ ಪ್ಲಾಸ್ಟಿಕ್ಕಿನಲ್ಲಿ ಹೀಗಾಗುವುದು ಜಾಸ್ತಿ. ಬೇರು ಗೋಡೆ ಮುಟ್ಟುತ್ತದೆ, ದಾರಿ ಸಿಗದೆ ಪಕ್ಕಕ್ಕೆ ತಿರುಗುತ್ತದೆ, ಸುತ್ತುತ್ತಾ ಹೋಗುತ್ತದೆ. ಹಾಕಿದ ನೀರು ಗೋಡೆ ಬದಿಯ ಸಂದಿನಲ್ಲಿ ಇಳಿದು ತೂತಿನಿಂದ ಆಚೆ ಬರುತ್ತದೆ. ತಟ್ಟೆಯಲ್ಲಿ ನೀರು ಕಂಡು ಮನೆಯವರು ಸಾಕಾಯಿತು ಅಂದುಕೊಳ್ಳುತ್ತಾರೆ, ಗಡ್ಡೆಯ ನಡುಭಾಗ ಒಣಗಿಯೇ ಇರುತ್ತದೆ. ಇಲ್ಲೂ ಹಾಗೇ ಇತ್ತು.

ಲೋಳೆಸರವನ್ನು ಬಿಚ್ಚುವ ಮೊದಲೇ ವಾಸನೆ ಬಂತು. ನೀಲಿ ಬಣ್ಣದ ಹೊಳಪಿನ ಪಿಂಗಾಣಿ ಕುಂಡ, ಯಾರೋ ಗೃಹಪ್ರವೇಶಕ್ಕೆ ಕೊಟ್ಟದ್ದು. ತಳದಲ್ಲಿ ತೂತೇ ಇಲ್ಲ. ತುಳಸಿಯ ಬೃಂದಾವನ ಸಿಮೆಂಟಿನದು, ಅದರ ಬಟ್ಟಲಿಗೂ ತೂತಿರಲಿಲ್ಲ. ಎರಡೂ ಮೆಟ್ಟಿಲ ಬಳಿ, ಅಂದರೆ ದಿನಕ್ಕೆ ಎರಡು ಸಲ ನೀರು ಬೀಳುವ ಜಾಗದಲ್ಲಿ. ಇದರಲ್ಲಿ ಪತ್ತೆ ಮಾಡುವಂಥದ್ದು ಏನೂ ಇರಲಿಲ್ಲ. ಆಗಿಬರದಿದ್ದದ್ದು ತುಳಸಿಯಲ್ಲ, ಆ ಬಟ್ಟಲು. ಇದನ್ನು ಅಜ್ಜಿಗೆ ಹೇಳಿದಾಗ ಅವರ ಮುಖ ಹಗುರಾಯಿತು.

ಮಲ್ಲಿಗೆ ಇದ್ದದ್ದು ಹೊಟ್ಟೆ ದಪ್ಪ, ಕತ್ತು ಸಣ್ಣ ಇರುವ ಮಣ್ಣಿನ ಕುಂಡದಲ್ಲಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕೊಂಡದ್ದಂತೆ. ನಿಜಕ್ಕೂ ಸುಂದರವಾದ ಕುಂಡ. ಆದರೆ ಹೊಟ್ಟೆ ತುಂಬ ಬೇರು ಬೆಳೆದ ಮೇಲೆ ಗಿಡ ಆ ಕತ್ತಿನಿಂದ ಹೊರಬರುವುದಿಲ್ಲ. ಒಂದೋ ಕುಂಡ ಒಡೆಯಬೇಕು, ಇಲ್ಲವೇ ಬೇರು ಕೊಯ್ಯಬೇಕು. ಕೆಲವು ವರ್ಷ ಬದುಕುವ ಗಿಡಕ್ಕೆ ಬಾಯಿ ಅಗಲ ಇರುವ ಕುಂಡವೇ ಬೇಕು ಅಂತ ಹೇಳೋದು ಇದಕ್ಕೇ.

ಇಷ್ಟಾದ ಮೇಲೆ ತೂತಿನ ವಿಷಯಕ್ಕೆ ಬಂದೆವು. ಮನೆಯವರು ತೂತಿರುವ ಕುಂಡಗಳಿಗೂ ತಳದಲ್ಲಿ ಮೂರು ಬೆರಳು ಜಲ್ಲಿ ಹಾಕಿದ್ದರು, ನೀರು ಚೆನ್ನಾಗಿ ಬಸಿಯಲಿ ಅಂತ. ಇದು ಎಷ್ಟು ಜನ ಹೇಳುವ ಸಲಹೆ ಅಂದರೆ, ಬೇಡ ಅಂದರೆ ಯಾರೂ ನಂಬಲ್ಲ. ಹಾಗಾಗಿ ಅಡುಗೆಮನೆಯಿಂದ ಪಾತ್ರೆ ತೊಳೆಯುವ ಒಂದು ಹೊಸ ಸ್ಪಂಜು ತರಿಸಿದೆ. ಅದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಹಿಂಡದೆ, ಅಂಗೈ ಮೇಲೆ ಮಲಗಿಸಿ ಹಿಡಿದೆ. ಸ್ವಲ್ಪ ನೀರು ತೊಟ್ಟಿಕ್ಕಿ ನಿಂತಿತು. ಆಮೇಲೆ ಅದೇ ಸ್ಪಂಜನ್ನು ನೆಟ್ಟಗೆ ನಿಲ್ಲಿಸಿದೆ. ಮತ್ತೆ ಧಾರೆಯಾಗಿ ನೀರು ಇಳಿಯಿತು. ಸ್ಪಂಜು ಅದೇ, ತೂತುಗಳೂ ಅವೇ, ಎತ್ತರ ಮಾತ್ರ ಬೇರೆ.

ಕುಂಡದ ಮಣ್ಣಿನಲ್ಲಿ ನಡೆಯೋದೂ ಇದೇ. ನೀರು ಹಾಕಿ ಬಸಿದ ಮೇಲೂ ತಳದಲ್ಲಿ ಒಂದು ಪಟ್ಟಿಯಷ್ಟು ಮಣ್ಣು ಪೂರ್ತಿ ಒದ್ದೆಯಾಗಿ, ಗಾಳಿಯೇ ಇಲ್ಲದೆ ಉಳಿಯುತ್ತದೆ. ಆ ಪಟ್ಟಿ ಎಷ್ಟು ದಪ್ಪ ಅನ್ನೋದು ಮಣ್ಣಿನ ಕಣದ ಮೇಲೆ ಹೋಗುತ್ತದೆ, ಕುಂಡದ ಎತ್ತರದ ಮೇಲಲ್ಲ. ಎರಡು ಇಂಚು ಅಂತ ಇಟ್ಟುಕೊಳ್ಳಿ. 12 ಇಂಚು ಎತ್ತರದ ಕುಂಡದಲ್ಲಿ ಬೇರಿಗೆ ಹತ್ತು ಇಂಚು ಉಸಿರಾಡೋ ಜಾಗ ಉಳಿಯಿತು. 5 ಇಂಚಿನ ತಟ್ಟೆಯಂಥ ಕುಂಡದಲ್ಲಿ ಮೂರೇ ಇಂಚು. ಈಗ ತಳಕ್ಕೆ ಜಲ್ಲಿ ಹಾಕಿದರೆ ಏನಾಗುತ್ತದೆ? ಸಣ್ಣ ಕಣದ ಮಣ್ಣಿನಿಂದ ನೀರು ದೊಡ್ಡ ಸಂದಿಗೆ ಸುಲಭಕ್ಕೆ ಇಳಿಯುವುದಿಲ್ಲ. ಮಣ್ಣು ಪೂರ್ತಿ ತುಂಬಿ ತುಳುಕುವವರೆಗೂ ಅಲ್ಲೇ ಹಿಡಿದುಕೊಳ್ಳುತ್ತದೆ. ಒದ್ದೆ ಪಟ್ಟಿ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿಗೆ ಇನ್ನೂ ಹತ್ತಿರಕ್ಕೆ ಬಂದು ಕೂರುತ್ತದೆ. ಜಲ್ಲಿಯಿಂದ ಆದದ್ದು ಕುಂಡ ಮೂರು ಬೆರಳು ಗಿಡ್ಡವಾದದ್ದು, ಭಾರ ಹೆಚ್ಚಾದದ್ದು. ತೂತಿನ ಮೇಲೆ ಮಣ್ಣು ಜಾರದ ಹಾಗೆ ಒಂದು ಒಡೆದ ಹೆಂಚಿನ ಚೂರೋ, ಸೊಳ್ಳೆ ಪರದೆಯ ತುಂಡೋ ಇಟ್ಟರೆ ಸಾಕು.

ಇಲ್ಲಿಗೆ ನನ್ನ ತೀರ್ಮಾನ ಗಟ್ಟಿಯಾಯಿತು. ಈ ತಾರಸಿಯಲ್ಲಿ ಕುಂಡ ಆರಿಸಬೇಕಾದದ್ದು ಗಿಡದ ಹೆಸರು ನೋಡಿ ಅಲ್ಲ. ಆ ಜಾಗದಲ್ಲಿ ನೀರು ಎಷ್ಟು ಬೇಗ ಹೋಗಬೇಕು, ನೀರು ಹಾಕುವ ಕೈ ಯಾರದು ಅನ್ನೋದನ್ನ ನೋಡಿ. ಗಿಡಕ್ಕೆ ನೀರು ಹಾಕಬೇಡಿ ಅಂತ ಅಜ್ಜಿಗೆ ಹೇಳುವ ಮನಸ್ಸು ನನಗಿರಲಿಲ್ಲ. ಅವರಿಗೆ ಅದು ದಿನದ ಸಂತೋಷ. ಅವರ ಕೈ ಬದಲಾಗುವ ಬದಲು ಅವರ ಕೈಗೆ ಸಿಗುವ ಕುಂಡ ಬದಲಾಗಲಿ ಅಂದೆ.

ಮೆಟ್ಟಿಲ ಬಳಿಯ ಗಿಡಗಳಿಗೆಲ್ಲ ಸುಟ್ಟ ಮಣ್ಣಿನ ಕುಂಡ. ಬಣ್ಣ ಬಳಿಯದ, ಹೊಳಪಿಲ್ಲದ ಮಣ್ಣಿನ ಗೋಡೆ ನೀರನ್ನು ಹೀರಿ ಹೊರಗಿನ ಗಾಳಿಗೆ ಬಿಡುತ್ತದೆ. ಹೂಜಿಯ ನೀರು ತಣ್ಣಗಾಗೋದು ಹೀಗೇ. ದಿನಕ್ಕೆ ಎರಡು ಸಲ ನೀರು ಬಿದ್ದರೂ ಗೋಡೆಯಿಂದ ಒಂದಷ್ಟು ಹೋಗುತ್ತಿರುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ. ಮೇಲೆ ಎಣ್ಣೆ ಬಣ್ಣ ಹೊಡೆದು ಚಿತ್ತಾರ ಬರೆದ ಮಣ್ಣಿನ ಕುಂಡಕ್ಕೆ ಈ ಗುಣ ಇರಲ್ಲ. ಅದು ಪ್ಲಾಸ್ಟಿಕ್ಕಿನ ಹಾಗೇ ನೀರು ಹಿಡಿಯುತ್ತದೆ, ಭಾರ ಮಾತ್ರ ಮಣ್ಣಿನದು. ಅಂಗಡಿಯಲ್ಲಿ ಈ ಬಣ್ಣದ ಕುಂಡಗಳೇ ಮುಂದೆ ಇರುತ್ತವೆ, ಹಿಂದಿನ ಸಾಲಿನ ಸಾದಾ ಕುಂಡ ಕೇಳಿ ತರಬೇಕು.

ಪಡುವಣ ಸಾಲಿಗೆ ಮಣ್ಣಿನ ಕುಂಡ ಬೇಡ ಅಂದೆ. ಇದು ಮನೆಯವರಿಗೆ ಆಶ್ಚರ್ಯ ತಂದಿತು, ಮಣ್ಣಿನದೇ ಎಲ್ಲಕ್ಕಿಂತ ಒಳ್ಳೆಯದು ಅಂತ ಎಲ್ಲರೂ ಕೇಳಿರುತ್ತಾರಲ್ಲ. ಆದರೆ ಅಲ್ಲಿಗೆ ದಿನಕ್ಕೆ ಒಂದೇ ಸಲ ನೀರು. ಮಾರ್ಚ್‌ನಿಂದ ಮೇವರೆಗೆ ಪಡುವಣ ಬಿಸಿಲಿನಲ್ಲಿ ಸಣ್ಣ ಮಣ್ಣಿನ ಕುಂಡ ಮಧ್ಯಾಹ್ನಕ್ಕೇ ಒಣಗುತ್ತದೆ. 2024ರ ಮಾರ್ಚ್‌ನಲ್ಲಿ ನಗರದಲ್ಲಿ ನೀರಿನ ಬರ ಬಂದು, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ಇವರಿಗೂ ನೆನಪಿತ್ತು. ಅಕ್ಕಿ, ಬೇಳೆ ತೊಳೆದ ನೀರನ್ನು ಹಿಡಿದಿಟ್ಟು ಹಾಕಿದ್ದರಂತೆ. ಹಾಗಾಗಿ ಅಲ್ಲಿಗೆ ನೀರು ಹಿಡಿಯುವ ಕುಂಡ ಬೇಕು, ಬಿಸಿ ಹೀರದ ಬಣ್ಣದ್ದು ಬೇಕು, ಮಣ್ಣು ಜಾಸ್ತಿ ತುಂಬುವಂಥದ್ದು ಬೇಕು. ತಿಳಿ ಬಣ್ಣದ, ದಪ್ಪ ಗೋಡೆಯ ಪ್ಲಾಸ್ಟಿಕ್, ಇಲ್ಲವೇ ಹೊರಗೆ ಬಿಳಿ ಇರುವ ದಪ್ಪ ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಚೀಲ.

ಗಾತ್ರದ ಮಾತು ಇಲ್ಲೇ ಹೇಳಿಬಿಡುತ್ತೇನೆ. ನರ್ಸರಿಯಲ್ಲಿ 12 ಇಂಚಿನ ಪಾಟ್ ಅಂದರೆ ಅದು ಬಾಯಿಯ ಅಗಲ. ಎತ್ತರ ಎಷ್ಟೋ, ತಳ ಎಷ್ಟೋ, ಅದನ್ನು ಬೇರೆಯಾಗಿ ನೋಡಬೇಕು. ನೆಟ್ಟಗಿನ ಗೋಡೆ ಇದ್ದರೆ 8 ಇಂಚು ಅಗಲ 8 ಇಂಚು ಎತ್ತರದ ಕುಂಡಕ್ಕೆ ಆರೂವರೆ ಲೀಟರ್ ಮಣ್ಣು ಹಿಡಿಯುತ್ತದೆ. 10ಕ್ಕೆ 10 ಇಂಚಿಗೆ ಸುಮಾರು 13 ಲೀಟರ್. 12ಕ್ಕೆ 12 ಇಂಚಿಗೆ 22 ಲೀಟರ್. ಅಗಲ, ಎತ್ತರ ಎರಡೆರಡೇ ಇಂಚು ಹೆಚ್ಚಾದರೂ ಮಣ್ಣು ಮುಕ್ಕಾಲು ಪಾಲಿನಷ್ಟೋ ಅದಕ್ಕೂ ಮೇಲೋ ಹೆಚ್ಚಾಗುತ್ತದೆ. ಕೆಳಗೆ ಸಣ್ಣಗಾಗುವ ಕುಂಡದಲ್ಲಿ ಇದಕ್ಕಿಂತ ಕಡಿಮೆ. ಬೇಸಿಗೆಯಲ್ಲಿ ಗಿಡ ಒಂದು ಮಧ್ಯಾಹ್ನ ತಾಳುತ್ತದೋ ಇಲ್ಲವೋ ಅನ್ನೋದು ಈ ಲೀಟರ್ ಲೆಕ್ಕದ ಮೇಲೇ ನಿಂತಿದೆ.

ಹಾಗಂತ ಸಣ್ಣ ಗಿಡವನ್ನು ನೇರ ದೊಡ್ಡ ಕುಂಡಕ್ಕೆ ಇಡಬಾರದು. ಬೇರು ಮುಟ್ಟದ ಮಣ್ಣಿನ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ಹುಳಿಯುತ್ತದೆ. ನರ್ಸರಿ ಕವರಿನಿಂದ 8 ಇಂಚಿಗೆ, ಅಲ್ಲಿಂದ 10ಕ್ಕೋ 12ಕ್ಕೋ ಹೀಗೆ ಹಂತವಾಗಿ ಹೋಗಬೇಕು. ಮನೆಯವರು ಈ ತಪ್ಪನ್ನು ನಿಂಬೆಯಲ್ಲಿ ಮಾಡಿದ್ದರು. ಒಂದಡಿ ಸಸಿ, ಅದಕ್ಕೆ ಅರ್ಧ ಡ್ರಮ್.

ಆ ಡ್ರಮ್ಮಿನ ಕುಂಡ ಬೇರೆ ಒಂದು ಕಾರಣಕ್ಕೂ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕತ್ತರಿಸಿದ ಅರ್ಧ ಅದು. ಒಳಗೆ ಬರೀ ಕೆಮ್ಮಣ್ಣು. ಒದ್ದೆ ಕೆಮ್ಮಣ್ಣು ಲೀಟರಿಗೆ ಒಂದೂವರೆ ಕೆಜಿಗೂ ಮೇಲೆ ತೂಗುತ್ತದೆ. 100 ಲೀಟರ್ ತುಂಬಿದರೆ 160, 170 ಕೆಜಿ. ಅದು ಕೂತಿರೋದು ಕಾಲು ಚದರ ಮೀಟರಿನಷ್ಟು ಜಾಗದಲ್ಲಿ. ನಮ್ಮ ದೇಶದ ಕಟ್ಟಡ ಮಾನದಂಡ ಐಎಸ್ 875ರಲ್ಲಿ ಜನ ಓಡಾಡುವ ತಾರಸಿಗೆ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಒಂದು ಡ್ರಮ್ಮಿನಿಂದ ತಾರಸಿ ಕುಸಿಯುತ್ತದೆ ಅಂತ ಯಾರೂ ಹೇಳಲ್ಲ, ಸ್ಲ್ಯಾಬ್ ಭಾರವನ್ನು ಹಂಚಿಕೊಳ್ಳುತ್ತದೆ. ಆದರೆ ಇವರು ಅದನ್ನು ಇಟ್ಟದ್ದು ಹಾಲ್‌ನ ಸ್ಲ್ಯಾಬಿನ ನಟ್ಟನಡುವೆ, ಪಕ್ಕದಲ್ಲಿ ಅಂಥದ್ದೇ ಇನ್ನೂ ಎರಡು ಇಡುವ ಆಲೋಚನೆಯೂ ಇತ್ತು. ಭಾರದ ಕುಂಡಗಳು ಕೆಳಗೆ ಗೋಡೆ ಅಥವಾ ಬೀಮ್ ಇರುವ ಸಾಲಿನಲ್ಲೇ ಇರಬೇಕು. ಕೋಕೋಪೀಟ್, ಎರೆಗೊಬ್ಬರ ಹೆಚ್ಚಿರುವ ಮಿಶ್ರಣ ಒದ್ದೆಯಾದಾಗ ಲೀಟರಿಗೆ ಸುಮಾರು ಒಂದು ಕೆಜಿ ಮಾತ್ರ. ತಾರಸಿಗೆ ಬರೀ ಕೆಮ್ಮಣ್ಣು ಬೇಡ ಅನ್ನೋದಕ್ಕೆ ಇದೊಂದು ಕಾರಣ, ಕುಂಡದೊಳಗೆ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಅನ್ನೋದು ಇನ್ನೊಂದು. ಡ್ರಮ್ ಮೊದಲು ಯಾವುದಕ್ಕೆ ಬಳಸಿದ್ದು ಅಂತಲೂ ಕೇಳಬೇಕು. ರಾಸಾಯನಿಕ ತುಂಬಿದ್ದ ಡ್ರಮ್ಮಿನಲ್ಲಿ ತಿನ್ನುವ ಗಿಡ ಬೆಳೆಸುವ ಹಾಗಿಲ್ಲ.

ಪ್ಯಾರಾಪೆಟ್ ಗೋಡೆಯ ಮೇಲೆ ಸಾಲಾಗಿ ಇಟ್ಟಿದ್ದ ಸಣ್ಣ ಕುಂಡಗಳನ್ನು ಅವತ್ತೇ ಕೆಳಗಿಳಿಸಿದೆವು. ಆಷಾಢದ ಗಾಳಿಗೆ ಹಗುರ ಪ್ಲಾಸ್ಟಿಕ್ ಕುಂಡ ಸುಮ್ನೆ ಉರುಳುತ್ತದೆ. ಕೆಳಗೆ ರಸ್ತೆ, ಮಕ್ಕಳು ಓಡಾಡುವ ಜಾಗ.

ಕುಂಡ ಕೊಳ್ಳೋಕೆ ಬೆನ್ಸನ್ ಟೌನ್ ಹತ್ತಿರದ ಪಾಟರಿ ಟೌನಿಗೆ ಹೋದೆವು. ಕುಂಬಾರರ ಮನೆಗಳೇ ಇರುವ ಜಾಗ ಅದು. ಗಣೇಶನ ಹಬ್ಬದ ಹೊತ್ತಿಗೆ ಮಣ್ಣಿನ ಮೂರ್ತಿ, ದೀಪಾವಳಿಗೆ ಹಣತೆ, ವರ್ಷವಿಡೀ ಕುಂಡ. ಅಲ್ಲಿ ಆರಿಸುವ ರೀತಿ ಹೀಗೆ: ಕುಂಡವನ್ನು ಒಂದು ಕೈಯಲ್ಲಿ ಅಂಚು ಹಿಡಿದು ತೂಗುಹಾಕಿ, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಬೇಕು. ಚೆನ್ನಾಗಿ ಸುಟ್ಟದ್ದು ಟಣ್ ಅನ್ನುತ್ತದೆ. ಅರೆಸುಟ್ಟದ್ದು, ಇಲ್ಲವೇ ಕಣ್ಣಿಗೆ ಕಾಣದ ಬಿರುಕು ಇರುವುದು ಡಬ್ ಅನ್ನುತ್ತದೆ. ಅರೆಸುಟ್ಟ ಕುಂಡ ಒಂದೆರಡು ಮಳೆಗಾಲದಲ್ಲೇ ಪದರ ಪದರವಾಗಿ ಉದುರುತ್ತದೆ. ಸೊಸೆ ಎರಡು ಕುಂಡ ತಟ್ಟುವಷ್ಟರಲ್ಲಿ ಸದ್ದಿನ ವ್ಯತ್ಯಾಸ ಹಿಡಿದರು. ಆಮೇಲೆ ಆರಿಸಿದ್ದೆಲ್ಲ ಅವರೇ. ತಳದ ತೂತಿಗೆ ಕಿರುಬೆರಳು ಹೋಗಬೇಕು. ಕುಂಡ ನೆಲದ ಮೇಲೆ ಅಲುಗಾಡದೆ ಕೂರಬೇಕು. ಮನೆಗೆ ತಂದ ಮೇಲೆ ನೆಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು. ಇಲ್ಲದಿದ್ದರೆ ಒಣ ಕುಂಡ ಹೊಸ ಗಿಡದ ನೀರನ್ನೆಲ್ಲ ತಾನೇ ಕುಡಿಯುತ್ತದೆ.

ಹಳೇ ಮಣ್ಣಿನ ಕುಂಡಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ಬೋರ್‌ವೆಲ್ ನೀರಿನ ಸುಣ್ಣ, ಗೊಬ್ಬರದ ಉಪ್ಪು, ಎರಡೂ ಗೋಡೆಯಿಂದ ಹೊರಬಂದು ಕೂರುವುದರಿಂದ ಹೀಗಾಗುತ್ತದೆ. ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಕುಂಡ ಕೆಟ್ಟಿದೆ ಅಂತಲ್ಲ.

ಇನ್ನು ಒಂದೊಂದು ಗಿಡಕ್ಕೆ ಏನು ಮಾಡಿದೆವು ಅನ್ನೋದು.

ತುಳಸಿಗೆ ಸಮಯ ಹಿಡಿಯಿತು. ಬೃಂದಾವನಕ್ಕೆ ಡ್ರಿಲ್ ಹಾಕೋದು ಅಂದಾಗ ಅಜ್ಜಿ ಒಪ್ಪಲಿಲ್ಲ. ಪೂಜೆ ಮಾಡುವ ವಸ್ತು, ಅವರ ಅಳುಕು ಸಹಜ. ಕಾರ್ತಿಕ ಮಾಸದಲ್ಲಿ ಉತ್ಥಾನ ದ್ವಾದಶಿಗೆ ಮೊದಲು ಹೇಗೂ ಹೊಸ ತುಳಸಿ ನೆಡಬೇಕು, ಹಳೇ ಮಣ್ಣು ತೆಗೆದು ಬಟ್ಟಲು ಖಾಲಿ ಇರುವಾಗ ಮಾಡಬಹುದು ಅಂತ ಕೊನೆಗೆ ಅವರೇ ದಾರಿ ಹೇಳಿದರು. ಬಟ್ಟಲಿನ ಹಿಂಬದಿಯಲ್ಲಿ, ತಳಕ್ಕೆ ಅಂಟಿದ ಹಾಗೆ, ಕಲ್ಲು ಕೊರೆಯುವ ಬಿಟ್ಟಿನಿಂದ ಎರಡು ತೂತು. ಗೋಡೆ ತೆಳು ಇದ್ದದ್ದರಿಂದ ಸುತ್ತಿಗೆ ಹೊಡೆತ ನಿಲ್ಲಿಸಿ, ಬರೀ ತಿರುಗಿಸುತ್ತಾ ನಿಧಾನಕ್ಕೆ ಕೊರೆದೆವು. ಮುಂದಿನಿಂದ ತೂತು ಕಾಣುವುದಿಲ್ಲ. ಹೊಸದಾಗಿ ಸಿಮೆಂಟ್ ಕುಂಡವೋ ಬೃಂದಾವನವೋ ಕೊಳ್ಳುವವರು ಅದನ್ನು ಕೆಲವು ದಿನ ನೀರು ತುಂಬಿಟ್ಟು, ನೀರು ಬದಲಿಸುತ್ತಾ ಸುಣ್ಣದ ಖಾರ ತೆಗೆದು ಆಮೇಲೆ ನೆಡಬೇಕು.

ನೀಲಿ ಪಿಂಗಾಣಿ ಕುಂಡವನ್ನು ಕೊರೆಯಲಿಲ್ಲ. ಟೈಲ್ಸ್ ಕೊರೆಯುವ ಬಿಟ್ ಹಾಕಿ, ನೀರು ಬಿಡುತ್ತಾ ಕೊರೆಯಬಹುದಿತ್ತು. ಅದರ ಬದಲು ಲೋಳೆಸರದ ಮರಿಯನ್ನು 8 ಇಂಚಿನ ಅಗಲ ಬಾಯಿಯ ಮಣ್ಣಿನ ಕುಂಡಕ್ಕೆ ಮರಳು ಜಾಸ್ತಿ ಹಾಕಿ ನೆಟ್ಟೆವು. ಪಿಂಗಾಣಿ ಕುಂಡ ಈಗ ಹಾಲ್‌ನಲ್ಲಿದೆ. ಒಳಗೆ ಮನಿಪ್ಲಾಂಟ್ ಅದರದೇ ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ಕೂತಿದೆ. ನೀರು ಹಾಕುವಾಗ ಅದನ್ನು ಎತ್ತಿ ಸಿಂಕಿಗೆ ಒಯ್ದು, ಬಸಿದ ಮೇಲೆ ವಾಪಸ್ ಇಡುತ್ತಾರೆ. ತೂತಿಲ್ಲದ ಚಂದದ ಕುಂಡಗಳಿಗೆ ಇದೇ ಸರಿಯಾದ ಕೆಲಸ.

ಕರಿಬೇವಿನ ಸುತ್ತಿದ ಬೇರನ್ನು ತಳದಲ್ಲಿ ಎರಡು ಇಂಚು ಕೊಯ್ದು, ಬದಿಗಳಲ್ಲಿ ಚಾಕುವಿನಿಂದ ಉದ್ದಕ್ಕೆ ಗೀರಿ, 16 ಇಂಚಿನ ತಿಳಿ ಬಣ್ಣದ ಕುಂಡಕ್ಕೆ ಹಾಕಿದೆವು. ಇಷ್ಟು ದೊಡ್ಡದಕ್ಕೆ ಒಮ್ಮೆಲೇ ಹೋದದ್ದು ಬೇರು ಅಷ್ಟು ತುಂಬಿದ್ದರಿಂದ. ಅದು ಮನೆಯವರಿಗೆ ದಿನಾ ಒಗ್ಗರಣೆಗೆ ಬೇಕಾದ ಗಿಡ, ಕಳಕೊಳ್ಳುವ ಹಾಗಿರಲಿಲ್ಲ.

ಮಲ್ಲಿಗೆಗೆ ಜನವರಿವರೆಗೂ ಕಾದೆವು. ಹೇಗೂ ಆಗ ಸವರುವ ಕಾಲ. ಗಿಡವನ್ನು ಒಂದು ಗೇಣಿಗೆ ಸವರಿ, ಹೊಟ್ಟೆ ಕುಂಡಕ್ಕೆ ನೀರು ತುಂಬಿ ಮಣ್ಣು ಸಡಿಲಿಸಿ, ಉದ್ದ ಚಾಕುವಿನಿಂದ ಕತ್ತಿನ ಅಗಲಕ್ಕೆ ಬೇರು ಕೊಯ್ದು ಮೇಲೆಳೆದೆವು. ಅರ್ಧಕ್ಕಿಂತ ಜಾಸ್ತಿ ಬೇರು ಒಳಗೇ ಉಳಿಯಿತು. ಮೇಲೆ ಎಲೆ ಕಡಿಮೆ ಇದ್ದದ್ದರಿಂದ ಗಿಡ ತಡೆದುಕೊಂಡಿತು. ಈಗದು 14 ಇಂಚಿನ ನೆಟ್ಟಗಿನ ಮಣ್ಣಿನ ಕುಂಡದಲ್ಲಿದೆ. ಲಾಲ್‌ಬಾಗಿನ ಹೊಟ್ಟೆ ಕುಂಡವನ್ನು ಎಸೆಯಲಿಲ್ಲ. ಅದರಲ್ಲಿ ದೊಡ್ಡಪತ್ರೆ ಇದೆ. ಅದರ ಬೇರು ಸಣ್ಣ, ಗಿಡ ಹಳತಾದರೆ ಕಿತ್ತು ಒಂದು ಕಡ್ಡಿ ಚುಚ್ಚಿದರೆ ಮತ್ತೆ ಬರುತ್ತದೆ. ಕತ್ತು ಸಣ್ಣಗಿರೋದು ಅದಕ್ಕೆ ಏನೂ ತೊಂದರೆಯಲ್ಲ.

ಟೊಮೆಟೊ, ಮೆಣಸಿನಕಾಯಿಗೆ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಉಳಿದ 20 ಲೀಟರಿನ ಬಿಳಿ ಪೇಂಟ್ ಬಕೆಟ್‌ಗಳು ಸಿಕ್ಕವು. ಎತ್ತರ ಇದೆ, ಬಣ್ಣ ಬಿಳಿ, ಎತ್ತಿಡೋಕೆ ಹಿಡಿ ಇದೆ. ಚೆನ್ನಾಗಿ ತೊಳೆದು, ತಳದಲ್ಲೂ ತಳದ ಅಂಚಿನ ಬದಿಯಲ್ಲೂ ತೂತು ಮಾಡಿದರೆ ಪಡುವಣ ಸಾಲಿಗೆ ಇದಕ್ಕಿಂತ ಒಳ್ಳೆ ಕುಂಡ ನಾನು ಕಂಡಿಲ್ಲ. ಕೆಲವು ವರ್ಷಕ್ಕೆ ಬಿಸಿಲಿಗೆ ಪೆಡಸಾಗಿ ಒಡೆಯುತ್ತದೆ, ಅಷ್ಟರಲ್ಲಿ ಕೊಟ್ಟ ಫಲ ಸಾಕು. ಮೆಂತ್ಯ, ಕೊತ್ತಂಬರಿಗೆ 6 ಇಂಚು ಆಳದ ಟ್ರೇ ಸಾಕು. ಅವರು ಅದನ್ನು ಡ್ರಮ್ಮಿನ ಇನ್ನೊಂದು ಅರ್ಧದಲ್ಲಿ ಬಿತ್ತಿ ಮಣ್ಣು, ನೀರು ಎರಡೂ ವ್ಯರ್ಥ ಮಾಡುತ್ತಿದ್ದರು.

ಕಪ್ಪು ಕುಂಡಗಳನ್ನೆಲ್ಲ ಬಿಸಾಡುವ ಅಗತ್ಯ ಬೀಳಲಿಲ್ಲ. ಮೂಡಣದ ನೆರಳಿಗೆ ಕೆಲವು ಹೋದವು. ಪಡುವಣದಲ್ಲೇ ಉಳಿದವುಗಳಿಗೆ ಹೊರಗೆ ಬಿಳಿ ಸುಣ್ಣ ಬಳಿದು, ಮುಂದೆ ಒಂದು ಸಾಲು ಇಟ್ಟಿಗೆ ನಿಲ್ಲಿಸಿದೆವು. ಗಿಡಕ್ಕೆ ಬಿಸಿಲು ಬೇಕು, ಕುಂಡಕ್ಕೆ ಬೇಡ. ಪ್ರತಿ ಕುಂಡದ ಅಡಿಗೂ ಮೂರು ಹೆಂಚಿನ ಚೂರು ಕೊಟ್ಟು ಎತ್ತರಿಸಿದೆವು, ಸಮತಟ್ಟು ನೆಲಕ್ಕೆ ಅಂಟಿ ಕೂತರೆ ತೂತು ಮುಚ್ಚಿಕೊಳ್ಳುತ್ತದೆ.

ತಟ್ಟೆಗಳನ್ನು ತೆಗೆಸಿದೆ. ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತಟ್ಟೆಯಲ್ಲಿ ನಿಂತ ತಿಳಿನೀರು ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ಮೊಟ್ಟೆ ಒಣ ತಟ್ಟೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ, ಹಾಗಾಗಿ ಬರೀ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೂ ದಂಡ ಇಟ್ಟಿತು. ತಾರಸಿಯಲ್ಲಿ ತಟ್ಟೆಯ ಅಗತ್ಯವೇ ಇಲ್ಲ.

ಮುಂದಿನ ಬೇಸಿಗೆ, ಮಳೆಗಾಲ ಕಳೆದ ಮೇಲೆ ಲೆಕ್ಕ ನೋಡಿದರೆ ಎಲ್ಲವೂ ಗೆದ್ದಿಲ್ಲ. ಬೇರು ಬೆಂದಿದ್ದ ದಾಸವಾಳ ಉಳಿಯಲಿಲ್ಲ, ಅದರ ಪಕ್ಕದ್ದು ಚೇತರಿಸಿಕೊಂಡಿತು. ಏಪ್ರಿಲ್‌ನಲ್ಲಿ ಮನೆಯವರು ಊರಿಗೆ ಹೋದಾಗ ಸಣ್ಣ ಮಣ್ಣಿನ ಕುಂಡಗಳು ಪೂರ್ತಿ ಒಣಗಿ, ಕೆಲವು ಸೊಪ್ಪಿನ ಗಿಡ ಹೋದವು. ಬಟ್ಟೆಯ ಗ್ರೋ ಬ್ಯಾಗ್ ಒಂದನ್ನು ಪಡುವಣದಲ್ಲಿ ಇಟ್ಟು ನೋಡಿದರು, ಬೇರು ಸುತ್ತಲಿಲ್ಲ, ಆದರೆ ನಾಲ್ಕೂ ಬದಿಯಿಂದ ನೀರು ಆರುತ್ತಿತ್ತು. ಅದು ಮೆಟ್ಟಿಲ ಬಳಿಗೆ, ಅಜ್ಜಿಯ ಚೊಂಬಿನ ಹತ್ತಿರಕ್ಕೆ ಬಂದ ಮೇಲೆ ಸರಿಹೋಯಿತು. ಕರಿಬೇವು ಮಳೆ ಶುರುವಾಗುವ ಹೊತ್ತಿಗೆ ಬುಡದಿಂದ ಚಿಗುರಿತು. ಮಲ್ಲಿಗೆ ಆ ವರ್ಷ ಕಡಿಮೆಯೇ ಬಿಟ್ಟಿತು, ಅಷ್ಟು ಬೇರು ಕಳಕೊಂಡ ಗಿಡದಿಂದ ನಾನೂ ಹೆಚ್ಚು ಎದುರು ನೋಡಿರಲಿಲ್ಲ. ತುಳಸಿ ಸೆಪ್ಟೆಂಬರ್‌ನ ಮಳೆಯನ್ನು ದಾಟಿತು. ಬೆಂಗಳೂರಿಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳು ಅದು. ಅಜ್ಜಿ ಈಗಲೂ ದಿನಾ ಸಂಜೆ ಚೊಂಬಿನಲ್ಲಿ ನೀರು ಹಾಕುತ್ತಾರೆ.

ಬಾಕಿ ಇರೋದು ನಿಂಬೆ. ಸಸಿಯನ್ನು ಡ್ರಮ್ಮಿನಿಂದ ತೆಗೆದು 12 ಇಂಚಿನ ಕುಂಡಕ್ಕೆ ಹಾಕಿದ್ದೇವೆ. ಅದು ಬೇರು ತುಂಬಿಸಿಕೊಳ್ಳಲು ಇನ್ನೊಂದೆರಡು ವರ್ಷ ಬೇಕು. ಅಷ್ಟರಲ್ಲಿ ಮನೆ ಕಟ್ಟಿದ ಇಂಜಿನಿಯರನ್ನು ಕರೆಸಿ ಬೀಮ್ ಎಲ್ಲೆಲ್ಲಿ ಹಾದಿದೆ ಅಂತ ತಾರಸಿಯ ಮೇಲೆ ಗುರುತು ಹಾಕಿಸಿಕೊಳ್ಳಿ ಅಂತ ಹೇಳಿದ್ದೇನೆ. ಡ್ರಮ್ಮಿನ ಕುಂಡ ಆ ಗೆರೆಯ ಮೇಲೆ ಕೂರಲಿದೆ, ಒಳಗೆ ಹಗುರ ಮಣ್ಣಿನ ಮಿಶ್ರಣದ ಜೊತೆ.